ಕತ್ತಲಲ್ಲೂ ಮರಿ ಕಾಣಬೇಕು: ಮಕ್ಕಳ ಪುಸ್ತಕದ ಒಂದು ರಾತ್ರಿ ಚಿತ್ರ ಕಟ್ಟಿದ ಬಗೆ

ಕೈಯಲ್ಲಿರುವುದು 32 ಪುಟದ ಚಿತ್ರಪುಸ್ತಕ. ಇನ್ನೂ ಅಕ್ಷರ ಕೂಡಿಸಿ ಓದುತ್ತಿರುವ ಮಕ್ಕಳಿಗೆ. ಒಬ್ಬ ಪುಟ್ಟ ಹುಡುಗಿ, ಅವಳ ಕಾಣೆಯಾದ ಬೆಕ್ಕಿನ ಮರಿ, ಒಂದು ಲಾಟೀನು, ರಾತ್ರಿಯಿಡೀ ಹುಡುಕಾಟ. ಇಲ್ಲಿ ಬರೆಯುತ್ತಿರುವುದು ಪೂರ್ತಿ ಪುಸ್ತಕದ ಬಗ್ಗೆ ಅಲ್ಲ. 18 ಮತ್ತು 19ನೇ ಪುಟ ಸೇರಿ ಆಗುವ ಒಂದೇ ಸ್ಪ್ರೆಡ್‌ನ ಬಗ್ಗೆ. ಖಾಲಿ ಫೈಲ್‌ನಿಂದ ಮುದ್ರಣಕ್ಕೆ ಕಳಿಸುವ ತನಕ ಅದನ್ನು ಹೇಗೆ ಕಟ್ಟಿದೆ ಅಂತ ಬರೆದಿಡುತ್ತಿದ್ದೇನೆ. ನಡುನಡುವೆ ಈ ಕೆಲಸದ ದಿನಚರಿಯ ಮಾತೂ ಬರುತ್ತದೆ.

ಈ ಸ್ಪ್ರೆಡ್‌ನಲ್ಲಿ ಆಗಬೇಕಾದ್ದು ಇಷ್ಟು. ಹುಡುಗಿ ಲಾಟೀನು ಹಿಡಿದು ದೊಡ್ಡ ಮರದ ಬಳಿ ಬರುತ್ತಾಳೆ. ಕೊಂಬೆಯ ಮೇಲೆ ಗೂಬೆ. ಮರದ ಬುಡದ ಪೊಟರೆಯಲ್ಲಿ ಮರಿ ಮುದುಡಿ ಕೂತಿದೆ. ಹುಡುಗಿಗೆ ಅದು ಕಾಣುವುದಿಲ್ಲ, ಓದುವ ಮಗುವಿಗೆ ಕಾಣಬೇಕು. "ಅಲ್ಲಿದೆ ಅಲ್ಲಿದೆ" ಅಂತ ಮಗು ಬೆರಳಿಟ್ಟು ತೋರಿಸಬೇಕು. ಪೂರ್ತಿ ಪುಸ್ತಕದಲ್ಲಿ ನನಗೆ ತುಂಬಾ ಮುಖ್ಯವಾದ ಕ್ಷಣ ಇದು. ಮೊದಲ ನೋಟಕ್ಕೆ ಹುಡುಗಿ, ಆಮೇಲೆ ಗೂಬೆ, ಸ್ವಲ್ಪ ಹುಡುಕಿದ ಮೇಲೆ ಮರಿ. ಮರಿ ತಕ್ಷಣ ಕಂಡರೆ ಆಟ ಮುಗಿಯಿತು. ಕಾಣಲೇ ಇಲ್ಲ ಅಂದರೆ ಕಥೆಯೇ ಕೆಟ್ಟಿತು.

ಪರದೆಯ ಮೇಲೆ ರಾತ್ರಿ ಬರೆಯುವುದು ಸುಲಭ. ಪರದೆ ತಾನೇ ಬೆಳಕು ಕೊಡುತ್ತದೆ, ಕಡುನೀಲಿಯಲ್ಲೂ ಹತ್ತು ಬಗೆ ಕಾಣುತ್ತವೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರಲ್ಲೂ ಈ ಪುಸ್ತಕಕ್ಕೆ ಆರಿಸಿರುವುದು ಹೊಳಪಿಲ್ಲದ, ಶಾಯಿ ಹೀರುವ ಕಾಗದ. ಮುಟ್ಟಲು ಬಹಳ ಚೆನ್ನಾಗಿರುತ್ತದೆ, ಮಕ್ಕಳ ಕೈಗೆ ಹಿತ. ಆದರೆ ಕಪ್ಪುಬಣ್ಣಗಳೆಲ್ಲ ಅದರಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾಗಿ ಈ ಚಿತ್ರದ ಪ್ರತಿ ನಿರ್ಧಾರವನ್ನೂ ಕಾಗದವನ್ನು ಕಣ್ಣ ಮುಂದೆ ಇಟ್ಟುಕೊಂಡೇ ಮಾಡಿದ್ದೇನೆ.

ಫೈಲ್ ತೆರೆಯುವ ಮೊದಲು

ಪುಸ್ತಕದ ಅಳತೆ 25 ಸೆಂ.ಮೀ. ಚೌಕ. ಬಿಡಿಸಿಟ್ಟರೆ 50 × 25. ಕತ್ತರಿಸುವಾಗ ಬ್ಲೇಡು ಒಂಚೂರು ಸರಿದರೂ ಅಂಚಿನಲ್ಲಿ ಬಿಳಿ ಗೆರೆ ಉಳಿಯಬಾರದು ಅಂತ ಸುತ್ತಲೂ 3 ಮಿ.ಮೀ. ಬ್ಲೀಡ್. ಒಟ್ಟು 506 × 256 ಮಿ.ಮೀ. 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ ಲೆಕ್ಕದಲ್ಲಿ 5976 × 3024 ಪಿಕ್ಸೆಲ್. ಬಣ್ಣದ ಮೆಟ್ಟಿಲು ಎಷ್ಟು ನುಣುಪು ಅಂತ ಹೇಳುವುದು ಬಿಟ್. 8 ಬಿಟ್‌ನಲ್ಲಿ ಒಂದು ಲೇಯರ್, ಅಂದರೆ ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥದ್ದು, ಪೂರ್ತಿ ತುಂಬಿದರೆ ಸುಮಾರು 72 ಎಂಬಿ ಮೆಮೊರಿ ಬೇಕು. 16 ಬಿಟ್ ಮಾಡಿದರೆ ಅದರ ಎರಡರಷ್ಟು. ರಾತ್ರಿಯ ಆಕಾಶದಲ್ಲಿ ಬಣ್ಣ ಮೆಲ್ಲಗೆ ಬದಲಾಗುವಾಗ 8 ಬಿಟ್‌ನಲ್ಲಿ ಪಟ್ಟೆ ಪಟ್ಟೆ ಕಾಣುವುದುಂಟು. ಅದಕ್ಕೆ ನನ್ನ ಉಪಾಯ 16 ಬಿಟ್ ಅಲ್ಲ, ಕಣಕಣವಾಗಿ ಬೀಳುವ ಒರಟು ಬ್ರಶ್. ಕಣ ಇದ್ದರೆ ಪಟ್ಟೆ ಒಡೆದುಹೋಗುತ್ತದೆ, ಕಂಪ್ಯೂಟರಿಗೂ ಭಾರ ಬೀಳುವುದಿಲ್ಲ.

ಕೆಲಸ ಮಾಡುವುದು ಕೃತಾದಲ್ಲಿ. ಉಚಿತ, ಮುಕ್ತ ತಂತ್ರಾಂಶ. ಇಲ್ಲಿ ಹೇಳುವ ಯಾವುದೂ ಅದೊಂದರಲ್ಲೇ ಆಗುವಂಥದ್ದಲ್ಲ. ಲೇಯರ್, ಮಾಸ್ಕ್ (ಲೇಯರ್‌ನ ಬೇಡದ ಭಾಗ ಮರೆಮಾಡುವುದು), ಬ್ಲೆಂಡ್ ಮೋಡ್ (ಮೇಲಿನ ಲೇಯರ್ ಕೆಳಗಿನದರ ಜೊತೆ ಬೆರೆಯುವ ಬಗೆ) ಇರುವ ಯಾವ ತಂತ್ರಾಂಶವಾದರೂ ಆಗುತ್ತದೆ.

ಎರಡು ಪುಟ ಸೇರುವ ನಡುಗೆರೆ, ಅಂದರೆ ಗಟರ್, ಮೊದಲೇ ಗೈಡ್ ಹಾಕಿ ಗುರುತಿಡಬೇಕು. ಈ ಪುಸ್ತಕಕ್ಕೆ ನಡುವೆ ಪಿನ್ ಹೊಡೆಯುತ್ತಾರೆ. 32 ಪುಟದ ಅಂಥ ಪುಸ್ತಕದಲ್ಲಿ ಸರಿಯಾಗಿ ನಡುವೆ ಬರುವ 16–17 ಮಾತ್ರ ಒಂದೇ ಹಾಳೆಯ ಮೇಲೆ ಅಚ್ಚಾಗುತ್ತದೆ. ನನ್ನ 18–19 ಎರಡು ಬೇರೆ ಹಾಳೆಗಳು. ಮಡಚಿ ಜೋಡಿಸುವಾಗ ಒಂದೋ ಅರ್ಧವೋ ಮಿಲಿಮೀಟರ್ ಹೆಚ್ಚುಕಮ್ಮಿ ಆಗಬಹುದು. ಅದಕ್ಕೇ ಗಟರ್ ಮೇಲೆ ಮುಖ, ಕೈ, ತೆಳುವಾದ ಓರೆಗೆರೆ ಯಾವುದೂ ಬರಕೂಡದು. ಅಲ್ಲಿ ಹುಲ್ಲು, ಮಣ್ಣು, ಮಂಜು ಬಂದರೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ತಯಾರಿಯನ್ನು ಯಾವ ರಾತ್ರಿ ಚಿತ್ರಕ್ಕೂ ನಾನು ಬಿಡುವುದಿಲ್ಲ. ಪುಸ್ತಕದ ಕಾಗದದ ಮೇಲೆಯೇ ಒಂದು ಪಟ್ಟಿ ಅಚ್ಚು ಹಾಕಿಸಿ ತರಿಸಿಕೊಳ್ಳುತ್ತೇನೆ. ಸಾಲಾಗಿ ಹತ್ತು ಚೌಕ, ತಿಳಿನೀಲಿಯಿಂದ ಅತಿ ಕಡುನೀಲಿ ತನಕ. ಪ್ರತಿ ಚೌಕದ ಕೆಳಗೆ ಅದರ ಸಂಖ್ಯೆ. ಈ ಸಲ ಬಂದ ಪಟ್ಟಿಯಲ್ಲಿ ಕಡೆಯ ಮೂರು ಚೌಕಗಳ ನಡುವಿನ ಗೆರೆ ಎಲ್ಲಿದೆ ಅಂತ ಕಿಟಕಿಯ ಬೆಳಕಿಗೆ ಹಿಡಿದು ಹುಡುಕಬೇಕಾಯಿತು. ಪರದೆಯಲ್ಲಿ ಅವು ಸ್ಪಷ್ಟವಾಗಿ ಬೇರೆ ಬೇರೆ. ಕಾಗದದಲ್ಲಿ ಮೂರೂ ಒಂದೇ. ಕಾರಣ ಇಷ್ಟೇ: ಮುದ್ರಣದಲ್ಲಿ ಬಣ್ಣ ಬರುವುದು ಸಣ್ಣ ಸಣ್ಣ ಚುಕ್ಕೆಗಳಾಗಿ. ಹೀರುವ ಕಾಗದದಲ್ಲಿ ಚುಕ್ಕೆ ಹರಡಿಕೊಳ್ಳುತ್ತದೆ. 50% ಅಂತ ಕೊಟ್ಟದ್ದು 70%ರಷ್ಟು ಕಾಣುವುದುಂಟು. 85ರ ಆಚೆ ಚುಕ್ಕೆಗಳೆಲ್ಲ ಸೇರಿ ಒಂದೇ ಬಣ್ಣವಾಗುತ್ತದೆ. ಆ ಪಟ್ಟಿಯನ್ನು ಮಾನಿಟರ್ ಪಕ್ಕದಲ್ಲೇ ಅಂಟಿಸಿಕೊಂಡೆ. ಅಲ್ಲಿಂದ ಮುಂದೆ ನನಗೆ ಹತ್ತು ಮೆಟ್ಟಿಲಿಲ್ಲ, ಎಂಟೇ.

ಮಾನಿಟರಿನ ಬೆಳಕನ್ನೂ ಇಳಿಸಬೇಕು. ಹೊಸ ಮಾನಿಟರುಗಳು ಬಹಳ ಪ್ರಖರವಾಗಿ ಬರುತ್ತವೆ. ಅದೇ ಬೆಳಕಿನಲ್ಲಿ ಕೂತು ಬಣ್ಣ ಹಚ್ಚಿದರೆ ಪುಸ್ತಕ ಖಂಡಿತ ಕಪ್ಪಾಗುತ್ತದೆ. ಮುದ್ರಣದ ಕೆಲಸಕ್ಕೆ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಸರಿ. ಅಳೆಯುವ ಉಪಕರಣ ಇಲ್ಲದಿದ್ದರೆ ಪಕ್ಕದಲ್ಲಿ ಬಿಳಿ ಹಾಳೆ ಹಿಡಿಯಿರಿ, ಪರದೆಯ ಬಿಳಿ ಆ ಹಾಳೆಗಿಂತ ಕಣ್ಣಿಗೆ ಚುಚ್ಚದ ತನಕ ಇಳಿಸಿ.

ಅಕ್ಷರ ಎಲ್ಲಿ ಕೂರುತ್ತದೆ?

ಚಿತ್ರಪುಸ್ತಕ ಮಾಡಲು ಹೊಸದಾಗಿ ಬಂದವರು ಈ ಪ್ರಶ್ನೆಯನ್ನು ಕೊನೆಗೆ ಕೇಳುತ್ತಾರೆ. ನನ್ನ ಪ್ರಕಾರ ಇದೇ ಮೊದಲು ಕೇಳಬೇಕಾದ್ದು. ರಾತ್ರಿ ಚಿತ್ರದಲ್ಲಂತೂ ಇಡೀ ಚಿತ್ರದ ಕಟ್ಟು ಇದರ ಮೇಲೆ ನಿಲ್ಲುತ್ತದೆ.

ಕತ್ತಲಲ್ಲವಾ, ಬಿಳಿ ಅಕ್ಷರ ಹಾಕೋಣ ಅಂತ ಮೊದಲು ಅನಿಸುತ್ತದೆ. ಬಿಳಿ ಅಕ್ಷರ ಅಂದರೆ ಶಾಯಿ ಇಲ್ಲದ ಜಾಗ. ನೀಲಿ, ಕೆಂಪು, ಹಳದಿ, ಕಪ್ಪು ಶಾಯಿ ಒಂದೊಂದಕ್ಕೂ ಬೇರೆ ಅಚ್ಚಿನ ಪ್ಲೇಟ್ ಇರುತ್ತದೆ. ಆ ನಾಲ್ಕೂ ಪ್ಲೇಟುಗಳಲ್ಲಿ ಆ ಜಾಗ ಕೂದಲೆಳೆಯೂ ತಪ್ಪದೆ ಒಂದರ ಮೇಲೊಂದು ಕೂರಬೇಕು. ಒಂಚೂರು ಸರಿದರೆ ಅಕ್ಷರದ ಅಂಚಿಗೆ ಬಣ್ಣ ಇಣುಕುತ್ತದೆ. ಹೀರುವ ಕಾಗದದಲ್ಲಿ ಶಾಯಿ ಹರಡಿ ಅಕ್ಷರದ ಹೊಟ್ಟೆಯೇ ತುಂಬಿಹೋಗುತ್ತದೆ. ಕನ್ನಡದ ಒತ್ತಕ್ಷರಗಳ ಗತಿ ಊಹಿಸಿ.

ಇನ್ನೊಂದು ಕಾರಣ ವ್ಯವಹಾರದ್ದು. ಒಂದೇ ಪುಸ್ತಕ ಹಲವು ಭಾಷೆಗಳಲ್ಲಿ ಒಟ್ಟಿಗೆ ಅಚ್ಚಾಗುವಾಗ ನೀಲಿ, ಕೆಂಪು, ಹಳದಿ ಪ್ಲೇಟುಗಳು ಹಾಗೇ ಉಳಿಯುತ್ತವೆ. ಬದಲಾಗುವುದು ಕಪ್ಪು ಪ್ಲೇಟ್ ಒಂದೇ. ಅಕ್ಷರ ಪೂರ್ತಿ ಕಪ್ಪು ಶಾಯಿಯಲ್ಲಿ ಮಾತ್ರ ಇದ್ದರೆ ಭಾಷೆ ಬದಲಿಸುವ ಖರ್ಚು ಕಡಿಮೆ. ಬಿಳಿ ಅಕ್ಷರವಾದರೆ ನಾಲ್ಕೂ ಪ್ಲೇಟ್ ಹೊಸದಾಗಿ ಮಾಡಬೇಕು. ಚಿತ್ರದೊಳಗೆ ಬೋರ್ಡು, ಚೀಟಿ, ಪತ್ರದ ಮೇಲೆ ಅಕ್ಷರ ಬರೆಯಬೇಡಿ ಅಂತ ಸಂಪಾದಕರು ಹೇಳುವುದೂ ಇದಕ್ಕೇ. ಬರೆಯಲೇಬೇಕಾದರೆ ಬೇರೆ ಲೇಯರ್‌ನಲ್ಲಿ ಬರೆಯಿರಿ.

ಅಂದರೆ ನನ್ನ ರಾತ್ರಿಯ ಆಕಾಶದ ಮೇಲೆ ಕಪ್ಪು ಅಕ್ಷರ ಓದಲು ಬರಬೇಕು! ತೊಡಕು ಅಂತ ಕಂಡರೂ ಇಲ್ಲೇ ಚಿತ್ರದ ದಾರಿ ಸಿಕ್ಕಿತು. ಬೆಳದಿಂಗಳ ರಾತ್ರಿಯನ್ನು ಗಮನಿಸಿ ನೋಡಿ. ನೆಲಕ್ಕಿಂತ, ಮರಕ್ಕಿಂತ ಆಕಾಶವೇ ಬೆಳ್ಳಗಿರುತ್ತದೆ. ಎಡಪುಟದ ಮೇಲ್ಭಾಗದಲ್ಲಿ ತೆಳುಮೋಡದ ಹಿಂದೆ ಚಂದ್ರ ಇಟ್ಟರೆ ಅಲ್ಲಿ ಅಗಲವಾದ ತಿಳಿಬೂದು ಜಾಗ ಸಿಗುತ್ತದೆ. ಕಪ್ಪು ಅಕ್ಷರ ಅಲ್ಲಿ ಆರಾಮಾಗಿ ಕೂರುತ್ತದೆ. ಕತ್ತಲೆಲ್ಲ ಮರಕ್ಕೆ, ನೆಲಕ್ಕೆ.

ಸಣ್ಣ ಚಿತ್ರ, ಬರೀ ಬೂದು

ಥಂಬ್‌ನೇಲ್‌ಗಳು ಬೆಂಕಿಪೊಟ್ಟಣದಷ್ಟು ಸಣ್ಣವು. ಬಣ್ಣ ಇಲ್ಲ. ಮೂರೇ ಬೂದು: ತಿಳಿ, ನಡು, ಕಡು. ಗೆರೆ ಎಳೆಯುವುದಿಲ್ಲ, ಸುತ್ತುವರಿದು ಜಾಗ ಆರಿಸುವ ಲಾಸೊ ಸಾಧನದಿಂದ ಆಕಾರ ಕತ್ತರಿಸಿ ತುಂಬುವುದು ಅಷ್ಟೇ. ಗೆರೆ ಬಂದ ತಕ್ಷಣ ಕೈ ಕಣ್ಣು ಮೂಗು ಬರೆಯಲು ಹೊರಡುತ್ತದೆ, ಆ ಹೊತ್ತಿನಲ್ಲಿ ಅದು ಬೇಡ.

ಒಂದರಲ್ಲಿ ಲಾಟೀನು ಒಂದೇ ಬೆಳಕು, ಸುತ್ತ ಕತ್ತಲು. ನೋಡಲು ನಾಟಕೀಯ, ಆದರೆ ಅಕ್ಷರಕ್ಕೆ ಜಾಗವಿಲ್ಲ, ಗೂಬೆ ಕಾಣುವುದಿಲ್ಲ. ಇನ್ನೊಂದರಲ್ಲಿ ಚಂದ್ರ ಹುಡುಗಿಯ ಬೆನ್ನ ಹಿಂದೆ, ಅವಳು ಬರೀ ನೆರಳಿನಾಕಾರ. ಅವಳ ಮುಖದ ಆತಂಕವೇ ಕಾಣದಿದ್ದರೆ ಏನು ಪ್ರಯೋಜನ? ಉಳಿಸಿಕೊಂಡದ್ದು ಎರಡೂ ಬೆಳಕು ಇರುವ ಚಿತ್ರ. ಎಡಪುಟದಲ್ಲಿ ಹುಡುಗಿ, ಬಲಕ್ಕೆ ಮುಖ ಮಾಡಿ ನಡೆಯುತ್ತಿದ್ದಾಳೆ. ನಾವು ಎಡದಿಂದ ಬಲಕ್ಕೆ ಓದುವುದರಿಂದ ಬಲಕ್ಕೆ ನಡೆದವರು ಕಥೆಯಲ್ಲಿ ಮುಂದೆ ಹೋದ ಹಾಗೆ, ಎಡಕ್ಕೆ ತಿರುಗಿದವರು ವಾಪಸ್ ಬಂದ ಹಾಗೆ. ಬಲಪುಟದಲ್ಲಿ ಮರ, ಮೇಲೆ ಗೂಬೆ. ಕೆಳಗೆ ಬಲಮೂಲೆಯ ಹತ್ತಿರ ಪೊಟರೆ. ಪುಟ ತಿರುಗಿಸಲು ಕೈ ಬರುವುದು ಅಲ್ಲಿಗೇ. ತಿರುಗಿಸುವ ಮುನ್ನ ಕಣ್ಣು ಕೊನೆಗೆ ನಿಲ್ಲುವ ಜಾಗ ಅದು.

ಸಂಪಾದಕರಿಗೆ ಕಳಿಸಿದ್ದು ಇದೇ ಬೂದು ಚಿತ್ರವನ್ನು, ಅಕ್ಷರವನ್ನು ನಿಜವಾದ ಗಾತ್ರದಲ್ಲಿ ಅದರ ಮೇಲೆ ಕೂರಿಸಿ. ಬಣ್ಣ ಹಚ್ಚಿದ ಮೇಲೆ ಬದಲಾವಣೆ ಹೇಳಿಸಿಕೊಳ್ಳುವುದಕ್ಕಿಂತ ಇಲ್ಲಿ ಹತ್ತು ಮಾತು ಹೇಳಿಸಿಕೊಳ್ಳುವುದು ಒಳ್ಳೆಯದು. ಒಪ್ಪಂದ ಮಾಡಿಕೊಳ್ಳುವಾಗಲೇ ಯಾವ ಹಂತದಲ್ಲಿ ಎಷ್ಟು ಸುತ್ತು ತಿದ್ದುಪಡಿ ಅಂತ ಬರೆಸಿಕೊಳ್ಳುತ್ತೇನೆ: ರಫ್‌ನಲ್ಲಿ ಜಾಸ್ತಿ, ಬಣ್ಣದಲ್ಲಿ ಕಡಿಮೆ. ಹಣವೂ ಅದೇ ಹಂತಗಳಿಗೆ ಹಂಚಿಕೊಂಡು ಬಂದರೆ ಇಬ್ಬರಿಗೂ ನೆಮ್ಮದಿ.

ಬಣ್ಣ

ನೀಲಿಯ ಒಂದು ಗುಣ ಗೊತ್ತಿದ್ದರೆ ರಾತ್ರಿ ಚಿತ್ರದ ಅರ್ಧ ಗೋಳು ತಪ್ಪುತ್ತದೆ. ಪರದೆಯಲ್ಲಿ ಬಿಳಿ ಅಂತ ಕಾಣುವುದು ಕೆಂಪು, ಹಸಿರು, ನೀಲಿ ಮೂರೂ ಸೇರಿ. ಆ ಬಿಳಿಯ ಹೊಳಪಿನಲ್ಲಿ ಹಸಿರಿನ ಪಾಲು ಸುಮಾರು 72%, ಕೆಂಪಿನದು 21%, ನೀಲಿಯದು ಬರೀ 7%. ಕಣ್ಣಿಗೆ ಎಷ್ಟೇ ಎದ್ದುಕಾಣುವ ನೀಲಿಯಾದರೂ ಬೂದು ಲೆಕ್ಕದಲ್ಲಿ ಅದು ಹೆಚ್ಚುಕಮ್ಮಿ ಕಪ್ಪೇ. ಹಾಗಾಗಿ ಬಣ್ಣ ಹಚ್ಚುವಾಗ ಎಲ್ಲಕ್ಕಿಂತ ಮೇಲೆ ಬಿಳಿ ತುಂಬಿದ ಒಂದು ಲೇಯರ್ ಇಟ್ಟಿರುತ್ತೇನೆ, ಬ್ಲೆಂಡ್ ಮೋಡ್ 'ಕಲರ್'. ಅದನ್ನು ಆನ್ ಮಾಡಿದರೆ ಚಿತ್ರ ಬೂದಾಗುತ್ತದೆ, ಹೊಳಪು ಮಾತ್ರ ಉಳಿಯುತ್ತದೆ. ಥಂಬ್‌ನೇಲ್ ಪಕ್ಕಕ್ಕಿಟ್ಟು ಹೋಲಿಸುವುದು. ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಸೊನ್ನೆ ಮಾಡಿ ನೋಡುವ ಅಭ್ಯಾಸ ಕೆಲವರಿಗಿದೆ. ಅದನ್ನು ನಂಬಬೇಡಿ. ಅದರ ಹಿಂದಿರುವ ಎಚ್‌ಎಸ್‌ಎಲ್ (ಬಣ್ಣ, ಗಾಢತೆ, ತಿಳಿತನ) ಲೆಕ್ಕದಲ್ಲಿ ಅಚ್ಚ ಹಳದಿಯೂ ಅಚ್ಚ ನೀಲಿಯೂ ಒಂದೇ ಬೂದು ಆಗಿಬಿಡುತ್ತವೆ. ಕಣ್ಣು ಹಾಗೆ ನೋಡುವುದಿಲ್ಲ ಅಲ್ವಾ?

ಹುಡುಗಿಯ ಅಂಗಿ ಪುಸ್ತಕದುದ್ದಕ್ಕೂ ಕೆಂಪು. ಮಕ್ಕಳು ಅವಳನ್ನು ಗುರುತು ಹಿಡಿಯುವುದೇ ಅದರಿಂದ. ಆದರೆ ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಕಪ್ಪಾಗುತ್ತಾ ಹೋಗುತ್ತದೆ, ನೀಲಿ ಹಸಿರುಗಳು ಹೋಲಿಕೆಯಲ್ಲಿ ಬೆಳ್ಳಗಾಗುತ್ತವೆ. 19ನೇ ಶತಮಾನದಲ್ಲಿ ಚೆಕ್ ವಿಜ್ಞಾನಿ ಪುರ್ಕಿನ್ಯೆ ಗುರುತಿಸಿದ ಸಂಗತಿ ಇದು. ಕೆಂಪು ಹೂವು ಸಂಜೆಗೆ ಮಂಕಾಗಿ ಅದರ ಎಲೆ ಎದ್ದು ಕಾಣುವುದನ್ನು ಯಾರಾದರೂ ನೋಡಬಹುದು. ಅದನ್ನೇ ಬಳಸಿಕೊಂಡೆ. ಲಾಟೀನಿನ ಕಡೆಯ ಅರ್ಧ ಅಂಗಿ ಉಜ್ವಲ ಕೆಂಪು. ಬೆಳದಿಂಗಳ ಕಡೆಯ ಅರ್ಧ ಕಡು ಕಂದುನೇರಳೆ, ಕೆಂಪೇ ಅಲ್ಲ ಅನ್ನುವಷ್ಟು. ಒಂದೇ ಬಟ್ಟೆಯ ಮೇಲೆ ಎರಡು ಬೆಳಕು ಕಂಡ ಕೂಡಲೇ ಚಿತ್ರ ರಾತ್ರಿಯದ್ದಾಯಿತು. ಅದಕ್ಕಾಗಿ ಆಕಾಶವನ್ನು ಕಪ್ಪು ಮಾಡಬೇಕಾಗಲಿಲ್ಲ.

ಮರಿಯ ಬಣ್ಣದ್ದು ಇನ್ನೊಂದು ಬಗೆ. ಪ್ಯಾರಿಸ್‌ನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಮಿಶೆಲ್ ಶೆವ್ರಲ್‌ಗೆ ಕಪ್ಪು ನೂಲು ಮಂಕಾಗಿದೆ ಅಂತ ದೂರು ಬಂದಿತ್ತು. ನೂಲಿನ ಬಣ್ಣ ಸರಿಯಾಗಿಯೇ ಇತ್ತು. ಪಕ್ಕದಲ್ಲಿ ನೇಯ್ದಿದ್ದ ಬಣ್ಣಗಳಿಂದ ಅದು ಹಾಗೆ ಕಾಣುತ್ತಿತ್ತು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುವ ಆ ನಿಯಮವನ್ನು ಅವನು 1839ರಲ್ಲಿ ಪ್ರಕಟಿಸಿದ. ನನ್ನ ಪ್ಯಾಲೆಟ್‌ನಲ್ಲಿ ಮರಿಯ ಬಣ್ಣ ಸಪ್ಪೆ ಬೂದು. ಸುತ್ತ ಕಡುನೀಲಿ ಇರುವುದರಿಂದ ಪುಟದಲ್ಲಿ ಅದು ಬೆಚ್ಚನೆಯ ಕಂದಾಗಿ ಕಾಣುತ್ತದೆ. ನಿಜವಾಗಿ ಕಂದು ಹಾಕಿದ್ದರೆ ಕಿತ್ತಳೆಯಾಗಿ ಕೂಗುತ್ತಿತ್ತು, ಮೊದಲ ನೋಟಕ್ಕೇ ಸಿಕ್ಕಿಬೀಳುತ್ತಿತ್ತು.

ಪೂರ್ತಿ ಸ್ಪ್ರೆಡ್‌ಗೆ ಏಳೆಂಟು ಬಣ್ಣ. ಕಲರ್ ವ್ಹೀಲ್‌ನಿಂದ ಹೊಸ ಬಣ್ಣ ಎತ್ತುವುದಿಲ್ಲ, ಇರುವುದನ್ನೇ ಬೆರೆಸುವುದು.

ಲಾಟೀನಿನ ಬೆಳಕು ಕಟ್ಟಿದ್ದು

ಜಾಸ್ತಿ ಹೊತ್ತು ಹಿಡಿದದ್ದು ಇದೇ, ಬಿಡಿಸಿ ಹೇಳುತ್ತೇನೆ.

ಲಾಟೀನು ಅಂದರೆ ಸುತ್ತ ಒಂದು ಹಳದಿ ವೃತ್ತ, ಮೆದುವಾದ ಏರ್‌ಬ್ರಶ್, ಕೆಳಗಿನದನ್ನು ತಿಳಿಮಾಡುವ 'ಸ್ಕ್ರೀನ್' ಮೋಡ್. ಸಾಮಾನ್ಯವಾಗಿ ಮಾಡುವುದು ಹೀಗೆ. ಅದು ಬೆಳಕಿನ ಹಾಗೆ ಕಾಣುವುದಿಲ್ಲ, ಹಳದಿ ಹೊಗೆಯ ಹಾಗೆ ಕಾಣುತ್ತದೆ. ಬೆಳಕು ಕಾಣುವುದು ಅದು ಬಿದ್ದ ವಸ್ತುವಿನ ಮೇಲೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಮೂರರಷ್ಟಾದರೆ ಒಂಬತ್ತನೇ ಒಂದಕ್ಕೆ. ಅಂದರೆ ಹುಡುಗಿಯ ಕೈ ಮತ್ತು ಗಲ್ಲ ತುಂಬಾ ಬೆಳಗುತ್ತವೆ, ಪಾದ ಸುಮಾರಾಗಿ, ಎರಡು ಹೆಜ್ಜೆ ಆಚೆಯ ಹುಲ್ಲು ಅಷ್ಟಕ್ಕಷ್ಟೇ. ಮರದ ಬುಡಕ್ಕೆ ತಲುಪುವುದು ಬೆಳಕಿನ ನೆನಪು ಮಾತ್ರ. ಕಾಂಡದ ತೊಗಟೆಯಲ್ಲಿ ಲಾಟೀನಿಗೆ ಮುಖ ಮಾಡಿದ ಏಣುಗಳಿಗೆ ಮಾತ್ರ ತೆಳುವಾಗಿ ಕಿತ್ತಳೆ ಗೆರೆ. ಅಷ್ಟೇ ಸಾಕು.

ಲೇಯರ್‌ಗಳು ಹೀಗಿವೆ. ಹುಡುಗಿಯ ಆಕಾರ ಒಂದು ಲೇಯರ್‌ನಲ್ಲಿ ಚಪ್ಪಟೆ ಬಣ್ಣ. ಅದರ ಮೇಲೆ ಕೆಳಗಿನದನ್ನು ಕಡುವಾಗಿಸುವ 'ಮಲ್ಟಿಪ್ಲೈ' ಮೋಡ್‌ನಲ್ಲಿ ಒಂದು ನೀಲಿ ಲೇಯರ್, ಕೆಳಗಿನ ಆಕಾರದೊಳಗೇ ಉಳಿಯುವಂತೆ ಕ್ಲಿಪ್ ಮಾಡಿದ್ದು. ಕೃತಾದಲ್ಲಾದರೆ ಲೇಯರ್ ಪಕ್ಕದ ಆಲ್ಫಾ ಗುರುತು ಒತ್ತಿದರೆ ಅದೇ ಗುಂಪಿನಲ್ಲಿ ಕೆಳಗಿರುವ ಆಕಾರದಿಂದ ಹೊರಗೆ ಬಣ್ಣ ಚೆಲ್ಲುವುದಿಲ್ಲ. ಹೀಗೆ ಇಡೀ ಹುಡುಗಿ ರಾತ್ರಿಗೆ ಇಳಿದಳು. ಆಮೇಲೆ ಆ ನೀಲಿಗೆ ಒಂದು ಮಾಸ್ಕ್ ಹಾಕಿ, ಲಾಟೀನಿನ ಬೆಳಕು ಬೀಳುವ ಕಡೆಯೆಲ್ಲ ನೀಲಿಯನ್ನು ಅಳಿಸುತ್ತಾ ಬಂದೆ. ಬೆಳಕು ಹಚ್ಚಿದ್ದಲ್ಲ, ಕತ್ತಲು ತೆಗೆದದ್ದು. ಕೆಳಗಿರುವ ಅವಳ ನಿಜವಾದ ಬಣ್ಣವೇ ಹೊರಗೆ ಬರುವುದರಿಂದ ಹಿಂದಿನ ಪುಟಗಳ ಹುಡುಗಿಗೂ ಇವಳಿಗೂ ಸಂಬಂಧ ತಪ್ಪುವುದಿಲ್ಲ. ಮೇಲೊಂದು ತೆಳು ಬೆಚ್ಚನೆ ಲೇಯರ್, ಗಲ್ಲ, ಮೂಗಿನ ತುದಿ, ಬೆರಳುಗಳಿಗೆ ಮಾತ್ರ.

ಬೆಳಕು ಮತ್ತು ಕತ್ತಲು ಸೇರುವ ಅಂಚಿನಲ್ಲಿ ಇನ್ನೊಂದು ಸಂಗತಿ ಇದೆ. ಹಳದಿಯನ್ನು ನೀಲಿಯೊಳಗೆ ಬ್ಲರ್ ಮಾಡಿದರೆ ನಡುವೆ ಸತ್ತ ಬೂದು ಬರುತ್ತದೆ. ನಿಜವಾದ ಬಣ್ಣದಲ್ಲಾದರೆ ಹಸಿರು ಬರುತ್ತಿತ್ತು. ಪರದೆ ಬೆಳಕಿನ ಸಂಖ್ಯೆಗಳ ಸರಾಸರಿ ತೆಗೆಯುತ್ತದೆ. ಬಣ್ಣದ ಕಣಗಳು ಬೆಳಕನ್ನು ಹೀರುತ್ತವೆ, ಚದುರಿಸುತ್ತವೆ, ಅದರ ಲೆಕ್ಕವೇ ಬೇರೆ. ಆ ಲೆಕ್ಕವನ್ನು ಕುಬೆಲ್ಕಾ ಮತ್ತು ಮುಂಕ್ 1931ರಲ್ಲೇ ಕೊಟ್ಟಿದ್ದರು. ರೆಬೆಲ್‌ನಂಥ ಕೆಲವು ತಂತ್ರಾಂಶಗಳಲ್ಲಿ ಈಗ ನಿಜ ಬಣ್ಣದ ಬೆರಕೆ ಸಿಗುತ್ತದೆ. ಇಲ್ಲದಿದ್ದರೆ ಕೈಯಿಂದಲೇ ನಡುಬಣ್ಣ ಇಡಬೇಕು. ನಾನಿಟ್ಟದ್ದು: ಹಳದಿ, ಕಿತ್ತಳೆ, ಇಟ್ಟಿಗೆಗೆಂಪು, ಮಾಸಿದ ನೇರಳೆ, ನೀಲಿ. ಒರಟು ಬ್ರಶ್‌ನಲ್ಲಿ ಒಂದರ ಪಕ್ಕ ಒಂದು, ಅಂಚುಗಳು ಹಲ್ಲುಹಲ್ಲಾಗಿ ಸೇರುವ ಹಾಗೆ. ಹುಲ್ಲಿನ ಮೇಲೆ ಆ ಇಟ್ಟಿಗೆಗೆಂಪಿನ ಪಟ್ಟಿ ಕಿರುಬೆರಳಿನಷ್ಟೂ ಅಗಲವಿಲ್ಲ. ಅದನ್ನು ಮುಚ್ಚಿ ನೋಡಿದರೆ ಬೆಳಕು ಆರಿದ ಹಾಗಾಗುತ್ತದೆ.

ಬ್ರಶ್ ವಿಚಾರ ಬಂದದ್ದಕ್ಕೆ ಹೇಳಿಬಿಡುತ್ತೇನೆ. ನೂರಾರು ಬ್ರಶ್ ಇಳಿಸಿಕೊಳ್ಳುವುದರಿಂದ ಏನೂ ಆಗುವುದಿಲ್ಲ. ಈ ಪುಸ್ತಕಕ್ಕೆ ನಾಲ್ಕೇ: ಗೆರೆಗೆ ಪೆನ್ಸಿಲ್, ಆಕಾರ ತುಂಬಲು ಗಟ್ಟಿ ಅಂಚಿನದು, ಒರಟು ಒಣ ಬ್ರಶ್, ಚಿಮುಕಿಸುವ ಬ್ರಶ್. ಪೆನ್ಸಿಲ್‌ನಲ್ಲಿ ಒತ್ತಡಕ್ಕೆ ಗಾತ್ರ ಬದಲಾಗುತ್ತದೆ. ಒಣ ಬ್ರಶ್‌ನಲ್ಲಿ ಗಾತ್ರ ಬದಲಾಗದು, ಕಣಗಳ ಸಾಂದ್ರತೆ ಮಾತ್ರ ಬದಲಾಗುತ್ತದೆ. ಕಣದ ಗಾತ್ರ ನೋಡಿಕೊಳ್ಳಬೇಕು. 100% ಜೂಮ್‌ನಲ್ಲಿ ಚೆಂದ ಕಾಣುವ ಕಣ ಅಚ್ಚಿನಲ್ಲಿ ಮಾಯವಾಗುತ್ತದೆ. ಮಾನಿಟರ್ ಇಂಚಿಗೆ ಸುಮಾರು 100 ಪಿಕ್ಸೆಲ್‌ನದಾದರೆ 300 ಡಿಪಿಐ ಚಿತ್ರದ ನಿಜ ಗಾತ್ರ ಕಾಣುವುದು 33% ಜೂಮ್‌ನಲ್ಲಿ. ಕೃತಾದಲ್ಲಿ ಎರಡನೇ ವಿಂಡೋ ತೆರೆದು ಅದನ್ನು ಸದಾ ಆ ಗಾತ್ರದಲ್ಲೇ ಇಟ್ಟಿರುತ್ತೇನೆ. ಮಗು ನೋಡುವುದು ಅದನ್ನು. ಆಗಾಗ ಎಂ ಕೀ ಒತ್ತಿ ಚಿತ್ರವನ್ನು ಕನ್ನಡಿಯ ಹಾಗೆ ತಿರುಗಿಸಿ ನೋಡುತ್ತೇನೆ. ವಾಲಿದ ಮರ, ಓರೆಯಾದ ಕಣ್ಣು ತಕ್ಷಣ ಗೊತ್ತಾಗುತ್ತವೆ.

ನಡುವೆ ಬಂದ ಬದಲಾವಣೆ

ಬಣ್ಣ ಅರ್ಧ ಆದಾಗ ಪಠ್ಯ ಬದಲಾಯಿತು. ಎರಡು ಸಾಲು ಜಾಸ್ತಿ. ಲೇಖಕರು ಗೂಬೆಗೆ ಒಂದು ಮಾತು ಕೊಟ್ಟಿದ್ದರು, ಓದಿದರೆ ನಿಜಕ್ಕೂ ಚೆನ್ನಾಗಿತ್ತು. ಚಿತ್ರಪುಸ್ತಕದಲ್ಲಿ ಪಠ್ಯ ಚಿತ್ರ ನೋಡಿ ಬದಲಾಗುವುದು ಸಹಜ, ಆಗಲೂ ಬೇಕು. ಆ ಮಾತು ಗೂಬೆಯ ಹತ್ತಿರವೇ ಬರಬೇಕು, ಅಂದರೆ ಬಲಪುಟದ ಮೇಲೂ ತಿಳಿಯಾದ ಜಾಗ ಬೇಕು.

ಗೂಬೆ, ಕೊಂಬೆ, ಎಲೆಗೊಂಚಲು ಬೇರೆ ಗುಂಪಿನಲ್ಲಿದ್ದವು. ಇಡೀ ಗುಂಪನ್ನು ಕೆಳಗಿಳಿಸಿ ಒಳಕ್ಕೆ ಎಳೆದೆ. ಹಿಂದಿನ ಆಕಾಶ ಪೂರ್ತಿ ಬಣ್ಣ ತುಂಬಿಯೇ ಇತ್ತು. ಯಾವ ವಸ್ತುವಿನ ಹಿಂದೆಯೂ ತೂತು ಬಿಡಬಾರದು ಅನ್ನುವುದು ಇದಕ್ಕೇ. ಎಡದಲ್ಲಿದ್ದ ತೆಳುಮೋಡವನ್ನು ಗಟರ್ ದಾಟಿಸಿ ಬಲಕ್ಕೂ ಹರಿಸಿದೆ. ಇದರಿಂದ ಲಾಭವೇ ಆಯಿತು. ಮೊದಲು ಗೂಬೆ ಎಲೆಗಳ ಮೇಲೆ ಕೂತಿತ್ತು, ಈಗ ಮೋಡದ ಎದುರು ಅದರ ಆಕಾರ ಬಿಡಿಯಾಗಿ ಕಾಣುತ್ತದೆ.

ಇಂಥ ದಿನ ನಾನು ಹೊಸದೇನನ್ನೂ ಶುರು ಮಾಡುವುದಿಲ್ಲ. ನಿರ್ಧಾರ ಬೇಡುವ ಕೆಲಸ ಬೆಳಿಗ್ಗೆ, ತುಂಬುವ ಕೆಲಸ ಮಧ್ಯಾಹ್ನ. ಹುಲ್ಲು, ತೊಗಟೆ, ಎಲೆ ಎಲ್ಲ ಮಧ್ಯಾಹ್ನದ ಪಾಲು. ಪೆನ್ನಿನ ಪ್ರೆಶರ್ ಕರ್ವ್ ಮೆದುವಾಗಿಟ್ಟಿದ್ದೇನೆ, ಒತ್ತಿ ಬರೆಯಬೇಕಾಗುವುದಿಲ್ಲ. ಉದ್ದ ಗೆರೆಗಳನ್ನು ಭುಜದಿಂದ ಎಳೆಯುತ್ತೇನೆ, ಮಣಿಕಟ್ಟಿನಿಂದ ಅಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣೆತ್ತಿ ದೂರ ನೋಡುವುದು. ಸಣ್ಣ ವಿಷಯ ಅಂತ ಬಿಡಬೇಡಿ. ಒಂದು ಪುಸ್ತಕ ಅಂದರೆ ತಿಂಗಳುಗಟ್ಟಲೆ ಅದೇ ಕೈ, ಅದೇ ಕಣ್ಣು. ಫೈಲ್ ಮೂರು ಕಡೆ ಇರಬೇಕು: ಕಂಪ್ಯೂಟರ್, ಹೊರಗಿನ ಡಿಸ್ಕ್, ಮನೆಯಾಚೆ ಎಲ್ಲಾದರೂ ಇನ್ನೊಂದು. ಪ್ರತಿ ಹಂತಕ್ಕೆ ಹೊಸ ಹೆಸರು, ಹಳೆಯದರ ಮೇಲೆ ಉಳಿಸುವುದಿಲ್ಲ.

ಅಚ್ಚಿಗೆ ಹೊಂದಿಸಿದ್ದು

ಬಣ್ಣ ಹಚ್ಚುವುದು ಪರದೆಯ ಕೆಂಪು, ಹಸಿರು, ನೀಲಿ ಲೆಕ್ಕದಲ್ಲಿ, ಅಂದರೆ ಆರ್‌ಜಿಬಿಯಲ್ಲೇ. ಆದರೆ ಆಗಾಗ ಕಂಟ್ರೋಲ್ ವೈ ಒತ್ತಿ ಸಾಫ್ಟ್ ಪ್ರೂಫ್, ಅಂದರೆ ಅಚ್ಚು ಹೇಗೆ ಬರುತ್ತದೆ ಅನ್ನುವುದರ ಪರದೆಯ ನಕಲು, ನೋಡುತ್ತೇನೆ. ಕಾಗದ ಮತ್ತು ಶಾಯಿಯ ಗುಣ ಬರೆದಿರುವ, ಮುದ್ರಕರು ಕೊಟ್ಟ ಪ್ರೊಫೈಲ್ ಫೈಲ್ ಹಾಕಿದರೆ ಆ ಕಾಗದದಲ್ಲಿ ಬಣ್ಣ ಎಷ್ಟು ಇಳಿಯುತ್ತದೆ ಅಂತ ಅಂದಾಜು ಸಿಗುತ್ತದೆ. ಪ್ರೊಫೈಲ್ ಅನ್ನು ಅವರಿಂದಲೇ ಕೇಳಿ ಪಡೆಯಿರಿ. ಹೊಳಪು ಕಾಗದದ್ದು ಹಾಕಿಕೊಂಡರೆ ಲೆಕ್ಕವೆಲ್ಲ ತಲೆಕೆಳಗು.

ಎರಡು ವಿಷಯ ನೋಡಿಕೊಂಡೆ. ಒಂದು, ನೀಲಿ ನೇರಳೆಯಾಗುವುದು. ಅಚ್ಚಿನಲ್ಲಿ ನೀಲಿ ಬರುವುದು ಸಯಾನ್ (ಮೇಲೆ ನೀಲಿ ಪ್ಲೇಟ್ ಅಂದದ್ದು) ಮತ್ತು ಮಜೆಂಟಾ (ಕೆಂಪು ಪ್ಲೇಟ್ ಅಂದದ್ದು) ಸೇರಿ. ಎರಡೂ ಹತ್ತಿರ ಹತ್ತಿರ ಸಮ ಆದರೆ ರಾತ್ರಿಯೆಲ್ಲ ನೇರಳೆ. ಮಜೆಂಟಾ ಕಡೇಪಕ್ಷ 30 ಅಂಕ ಕೆಳಗಿದ್ದರೆ ನೀಲಿ ನೀಲಿಯಾಗಿ ಉಳಿಯುತ್ತದೆ. ಎರಡು, ಒಟ್ಟು ಶಾಯಿ. ನಾಲ್ಕು ಬಣ್ಣ ಪೂರ್ತಿ ಸುರಿದರೆ 400%. ಅಷ್ಟನ್ನು ಯಾವ ಕಾಗದವೂ ತಡೆಯುವುದಿಲ್ಲ, ಒಣಗದೆ ಎದುರು ಪುಟಕ್ಕೆ ಅಂಟುತ್ತದೆ. ಈ ಕಾಗದಕ್ಕೆ ನನಗೆ ಕೊಟ್ಟ ಮಿತಿ 280%. ಪೊಟರೆಯ ಒಳಗಿನ ಕತ್ತಲು ಸಯಾನ್ 90, ಮಜೆಂಟಾ 60, ಹಳದಿ 30, ಕಪ್ಪು 70. ಒಟ್ಟು 250. ಪರದೆಯಲ್ಲಿ ಸ್ವಲ್ಪ ತೆಳು ಅನಿಸಿದರೂ ಕಾಗದದಲ್ಲಿ ಅದು ಸಾಕಷ್ಟು ಕತ್ತಲೇ.

ಪ್ರೂಫ್, ಅಂದರೆ ಕಾಗದದ ಮೇಲಿನ ಮಾದರಿ ಅಚ್ಚು ಬಂತು. ಕಿಟಕಿಯ ಬೆಳಕಿಗೂ ನೋಡಿದೆ, ರಾತ್ರಿ ಹಾಸಿಗೆ ಪಕ್ಕದ ದೀಪದ ಮಂದ ಬೆಳಕಿಗೂ ನೋಡಿದೆ. ಈ ಪುಸ್ತಕ ಓದಿಸಿಕೊಳ್ಳುವುದು ಹೆಚ್ಚಾಗಿ ಮಲಗುವ ಹೊತ್ತಿಗೆ. ಹುಡುಗಿ ಸರಿ. ಮೋಡದ ಮೇಲೆ ಅಕ್ಷರ ಸ್ಪಷ್ಟ. ಗೂಬೆ ಸರಿ. ಮರಿಯ ಕಣ್ಣು ಕಾಣುತ್ತಿತ್ತು, ಬೆನ್ನು ಮಾತ್ರ ಮಂದ ದೀಪದಲ್ಲಿ ಪೊಟರೆಯೊಳಗೆ ಕರಗುತ್ತಿತ್ತು. ಬರೀ ಎರಡು ಕಣ್ಣು ಕಂಡರೆ ಪುಟ್ಟ ಮಗು ಹೆದರಬಹುದು. ಅದು ಮರಿ ಅಂತ ಗೊತ್ತಾಗಬೇಕಾದರೆ ಕಿವಿ ಬೇಕು, ಬೆನ್ನಿನ ದುಂಡು ಬೇಕು.

ಪೂರ್ತಿ ಮರಿಯನ್ನು ಬೆಳ್ಳಗೆ ಮಾಡಲಿಲ್ಲ. ಹಾಗೆ ಮಾಡಿದರೆ ಹುಡುಕುವ ಆಟ ಹೋಯಿತು. ಕಾಗದದ ಪಟ್ಟಿ ನೋಡಿ ಬೆನ್ನಿನ ಬಣ್ಣವನ್ನು ಪೊಟರೆಯ ಕತ್ತಲಿಗಿಂತ ಎರಡು ಚೌಕ ಮೇಲಕ್ಕೆ ತಂದೆ. ಒಂದು ಚೌಕದ ಅಂತರ ಈ ಕಾಗದದಲ್ಲಿ ಸಾಲುವುದಿಲ್ಲ. ಎಡಕಿವಿಯ ಅಂಚಿಗೆ ಲಾಟೀನಿನ ಕಿತ್ತಳೆಯ ಒಂದೇ ಒಂದು ಎಳೆ ಇಟ್ಟೆ, ತೊಗಟೆಯ ಏಣುಗಳಿಗೆ ಹಾಕಿದ ಅದೇ ಬಣ್ಣ. ತೊಗಟೆಯ ಗೆರೆಗಳ ಸಾಲಿನಲ್ಲಿ ಕಣ್ಣು ಇಳಿದು ಬರುತ್ತಾ ಕೊನೆಯ ಗೆರೆ ಕಿವಿ ಅಂತ ಗೊತ್ತಾಗುತ್ತದೆ. ಎರಡನೇ ಪ್ರೂಫ್‌ನಲ್ಲಿ ಅದೇ ಮಂದ ದೀಪಕ್ಕೆ ಮರಿ ಪೂರ್ತಿ ಕಂಡಿತು, ಆದರೆ ಕೊನೆಗೆ ಕಂಡಿತು.

ಕಳಿಸಿದ್ದು ಲೇಯರ್ ಎಲ್ಲ ಸೇರಿಸಿದ ಟಿಫ್ ಫೈಲ್, ಬ್ಲೀಡ್ ಸಮೇತ, ಅಕ್ಷರ ಇಲ್ಲದೆ. ಅಕ್ಷರವನ್ನು ಪುಟವಿನ್ಯಾಸದವರು ಕಪ್ಪು ಶಾಯಿಯಲ್ಲಿ ಮೇಲೆ ಕೂರಿಸುತ್ತಾರೆ. ಲೇಯರ್ ಇರುವ ಮೂಲ ಫೈಲ್ ನನ್ನ ಬಳಿಯೇ ಇರುತ್ತದೆ, ಒಪ್ಪಂದದಲ್ಲೂ ಹಾಗೇ ಇದೆ. ಚಿತ್ರದ ಹಕ್ಕು ಯಾರದು, ಯಾವ ಭಾಷೆ ಯಾವ ರೂಪಕ್ಕೆ ಬಳಸಬಹುದು, ರಾಯಲ್ಟಿ ಲೇಖಕರಿಗೂ ಚಿತ್ರಕಾರರಿಗೂ ಹೇಗೆ ಹಂಚಿಕೆ, ಪುಸ್ತಕ ಅಚ್ಚಿನಲ್ಲಿ ಇಲ್ಲವಾದರೆ ಹಕ್ಕು ವಾಪಸ್ ಬರುತ್ತದಾ: ಇಷ್ಟನ್ನು ಓದದೆ ಸಹಿ ಹಾಕಬೇಡಿ. ಚಿತ್ರಪುಸ್ತಕದಲ್ಲಿ ಅರ್ಧ ಕಥೆ ಹೇಳುವುದು ಚಿತ್ರ. ಆ ಅರ್ಧದ ಹಕ್ಕನ್ನು ಕೇಳಲು ಸಂಕೋಚ ಯಾಕೆ?

ಈ ಸ್ಪ್ರೆಡ್‌ನ ಪ್ಯಾಲೆಟ್, ಕಾಗದದ ಪಟ್ಟಿಯ ಸಂಖ್ಯೆಗಳು, ಲಾಟೀನಿನ ಐದು ಬಣ್ಣ ಎಲ್ಲವನ್ನೂ ಒಂದು ಫೈಲ್‌ನಲ್ಲಿ ಉಳಿಸಿದ್ದೇನೆ. 20–21ರಲ್ಲಿ ಹುಡುಗಿ ಮರದ ಆಚೆ ಬದಿಗೆ ಹೋಗುತ್ತಾಳೆ, ಚಂದ್ರ ಅವಳ ಬೆನ್ನಿಗೆ ಬರುತ್ತಾನೆ. ಅದರ ಬೂದು ಥಂಬ್‌ನೇಲ್ ಸಂಪಾದಕರ ಕೈ ಸೇರಿದೆ.